ಆಮೆನ್ ಅಂದವರಲ್ಲಿ ನಾನೂ ಇದ್ದೆ

ಕೋವಿಡ್ ಗಲಾಟೆ ಮುಗಿದು ಚರ್ಚಿನ ಬೆಂಚುಗಳು ಮತ್ತೆ ತುಂಬತೊಡಗಿದ್ದ ವರ್ಷ. ಹುಬ್ಬಳ್ಳಿಯ ಒಂದು ಹಳೆಯ ಮಿಷನ್ ಚರ್ಚಿನ ಸಭೆಗೆ ನಾನು ಪಾಲಕ, ಅಂದರೆ ಪಾದ್ರಿಯಾಗಿದ್ದೆ. ನಿವೃತ್ತಿ ಹತ್ತಿರ ಬಂದಿತ್ತು. ಇದೇ ಸಭೆಯಲ್ಲಿ ಕೊನೆಯ ಆರಾಧನೆ ನಡೆಸಿ ಇಳಿಯಬೇಕೆಂಬುದು ನನಗೂ ನನ್ನ ಹೆಂಡತಿಗೂ ಇದ್ದ ಒಂದೇ ಆಸೆ. ಮಕ್ಕಳಿಗೆ ಬೈಬಲ್ ಕಲಿಸುವ ಅಲ್ಲಿಯ ಸಂಡೇ ಸ್ಕೂಲನ್ನು ಕಟ್ಟಿ ಬೆಳೆಸಿದವಳು ಅವಳು.

ಜಯಕರ ಮಾಸ್ತರರು (ಹೆಸರು ಬದಲಿಸಿದ್ದೇನೆ) ನಮ್ಮ ಸಭೆಯ ಹಿರಿಯರು, ಅಂದರೆ ಜನ ಆರಿಸಿದ ಆಡಳಿತ ಕಮಿಟಿಯ ಸದಸ್ಯರು. ಪ್ರತಿ ಶುಕ್ರವಾರ ಸಂಜೆ ವಿದ್ಯಾನಗರದಿಂದ ಸ್ಕೂಟರ್ ಮೇಲೆ ಬರುತ್ತಿದ್ದರು. ಪಾಲಕರು ನಿಲುವಂಗಿ ತೊಡುವ ವೆಸ್ಟ್ರಿ ಎಂಬ ಸಣ್ಣ ಕೋಣೆಯಲ್ಲಿ ಬಾಗಿಲು ಮುಂದೆ ಮಾಡಿಕೊಂಡು ನಾವಿಬ್ಬರೂ ಕೂಡುತ್ತಿದ್ದೆವು. ಆ ವಾರ ಎಲ್ಲಿ ಎಡವಿದೆವೆಂದು ಒಬ್ಬರಿಗೊಬ್ಬರು ಹೇಳಿಕೊಂಡು, ಆಮೇಲೆ ಮೊಣಕಾಲೂರಿ ಪ್ರಾರ್ಥಿಸುವ ರೂಢಿ. ಸಭೆಯ ಜನ ತಮ್ಮ ಭಾರವನ್ನು ಪಾಲಕನ ಹತ್ತಿರ ಇಳಿಸುತ್ತಾರೆ. ಪಾಲಕ ತನ್ನದನ್ನು ಎಲ್ಲಿ ಇಳಿಸಬೇಕು? ನನಗೆ ಮಾಸ್ತರರಿದ್ದರು.

ಆಗ ನಮ್ಮ ಸಭೆಯ ಹುಡುಗರು ಹತ್ತಿರದಲ್ಲೇ ಹೊಸದಾಗಿ ಶುರುವಾಗಿದ್ದ ಇನ್ನೊಂದು ಸಭೆಗೆ ಹೋಗತೊಡಗಿದ್ದರು. ಅಲ್ಲಿ ಕೀಬೋರ್ಡು, ಡ್ರಮ್ಮು, ಚಪ್ಪಾಳೆ. ಆರಾಧನೆಯಲ್ಲಿ ಹಾಡುವ ನನ್ನ ಕ್ವಾಯರಿನಲ್ಲಿ ಮೊಮ್ಮಕ್ಕಳನ್ನು ಕಂಡವರಷ್ಟೇ ಉಳಿದಿದ್ದರು. ಒಂದು ದಿನ ಆ ಸಭೆಯ ಯುವ ಪಾಸ್ಟರ್ ದವಾಖಾನೆ ಸೇರಿದರೆಂದು ಸುದ್ದಿ ಬಂತು. ಕೇಳಿದ ಕೂಡಲೇ ನನಗೆ ಖುಷಿಯಾಯಿತು. ಹೋಗಿ ಅವರ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿದೆ. ಆಗಲೂ ಆ ಖುಷಿ ಒಳಗೆ ಹಾಯಾಗಿ ಕೂತಿತ್ತು. ಇದಕ್ಕೆ ನಾವು ಶರೀರಭಾವ ಅನ್ನುತ್ತೇವೆ. ಯೇಸುವನ್ನು ನಂಬಿ ಹೊಸ ಬದುಕು ಹಿಡಿದವನನ್ನೂ ಬಿಡದ ಹಳೆಯ ಪಾಪಸ್ವಭಾವ ಅದು. ಅದರ ಮೇಲೆ ಗಂಟಲು ಹರಿಯುವಂತೆ ಎಷ್ಟೋ ಉಪದೇಶ ಮಾಡಿದವನು ನಾನು. ಆ ಶುಕ್ರವಾರ ಮಾಸ್ತರರ ಮುಂದೆ ಎಲ್ಲ ಹೇಳಿ ಅತ್ತುಬಿಟ್ಟೆ.

"ಇದು ಈ ಬಾಗಲಾ ದಾಟೂದಿಲ್ರಿ ಅಯ್ಯನವರ," ಅಂದರು ಮಾಸ್ತರರು.

ಮುಂದಿನ ಬುಧವಾರ ದೇಶಪಾಂಡೆ ನಗರದಲ್ಲಿ ಸಭೆಯವರೊಬ್ಬರ ಮನೆಯಲ್ಲಿ ಪ್ರಾರ್ಥನಾ ಕೂಟವಿತ್ತು. ದಿನವಿಡೀ ಧಾರವಾಡದ ಮಾತಾಡುವ ನಮ್ಮ ಜನ ಪ್ರಾರ್ಥನೆಗೆ ಕಣ್ಣು ಮುಚ್ಚಿದರೆ ಸಾಕು, ಬೈಬಲಿನ ಕನ್ನಡಕ್ಕೆ ಏರಿಬಿಡುತ್ತಾರೆ. ಮಾಸ್ತರರೂ ಏರಿದರು.

"ಪರಲೋಕದ ತಂದೆಯೇ, ನಮ್ಮ ಪಾಲಕರನ್ನು ನಿನ್ನ ಕೈಗೆ ಒಪ್ಪಿಸುತ್ತೇವೆ. ನಿನ್ನ ಇನ್ನೊಬ್ಬ ಸೇವಕನು ಹಾಸಿಗೆ ಹಿಡಿದಾಗ ಸಂತೋಷಪಟ್ಟ ಅವರ ಹೃದಯದಿಂದ ಹೊಟ್ಟೆಕಿಚ್ಚನ್ನು ಕಿತ್ತುಹಾಕು."

ಎಲ್ಲರೂ ಆಮೆನ್ ಅಂದರು. ಇಷ್ಟು ವರ್ಷದ ರೂಢಿ, ನನ್ನ ಬಾಯಿಯೂ ಆಮೆನ್ ಅಂದಿತು.

ಆಮೇಲೆ ಚುರುಮುರಿ, ಚಹಾ ಬಂತು. ಯಾರೂ ನನ್ನ ಮುಖ ನೋಡಲಿಲ್ಲ. ಚಾಡಿ ಹೇಳುವವನನ್ನು ಯಾರಾದರೂ ತಡೆದಾರು. ಕಣ್ಣು ಮುಚ್ಚಿ ದೇವರಿಗೆ ಹೇಳುವವನನ್ನು ತಡೆಯುವವರು ನಮ್ಮಲ್ಲಿ ಇಲ್ಲ. ಗೇಟಿನ ಹತ್ತಿರ ಮಾಸ್ತರರನ್ನು ಹಿಡಿದು ನಿಲ್ಲಿಸಿದೆ.

"ನಿಮ್ಮ ಸಲುವಾಗೇ ಪ್ರಾರ್ಥನಾ ಮಾಡೇನ್ರಿ," ಅಂದರು. "ಅದರಾಗ ತಪ್ಪೇನೈತಿ?"

ಸುದ್ದಿ ಮರುದಿನವೇ ಆ ಯುವ ಪಾಸ್ಟರ್ ಕಿವಿಗೂ ಮುಟ್ಟಿತು. ತಿಂಗಳೊಳಗೆ ನನ್ನನ್ನು ವರ್ಗ ಮಾಡಬೇಕೆಂಬ ಬೇಡಿಕೆ ಕಮಿಟಿಯ ಮುಂದೆ ಬಂತು. ಎದ್ದು ನಿಂತು ಮಂಡಿಸಿದವರು ಮಾಸ್ತರರೇ. ಅವರ ಅಳಿಯನೂ ಪಾಲಕ, ಹುಬ್ಬಳ್ಳಿಗೆ ಬರಲು ಕಾದಿದ್ದ ಎಂಬುದು ಊರಿಗೆಲ್ಲ ಗೊತ್ತಿತ್ತಂತೆ. ನನಗೊಬ್ಬನಿಗೆ ಗೊತ್ತಿರಲಿಲ್ಲ.

"ನಿಮ್ಮದೇನರ ಹೇಳೂದೈತೇನ್ರಿ?" ಅಂತ ಅಧ್ಯಕ್ಷರು ನನ್ನನ್ನು ಕೇಳಿದರು.

ಇತ್ತು. ಅದೇ ವೆಸ್ಟ್ರಿಯಲ್ಲಿ, ಅದೇ ಶುಕ್ರವಾರಗಳಲ್ಲಿ ಮಾಸ್ತರರೂ ನನ್ನ ಮುಂದೆ ಬಾಯಿ ಬಿಟ್ಟಿದ್ದರು. ನನ್ನ ಹೊಟ್ಟೆಕಿಚ್ಚು ಅದರ ಮುಂದೆ ಏನೂ ಅಲ್ಲ. ಅದರಲ್ಲಿ ಒಂದೇ ಮಾತು ಎತ್ತಿದ್ದರೆ ಅವರ ಬೇಡಿಕೆ ಅಲ್ಲೇ ಬೀಳುತ್ತಿತ್ತು, ಸಭೆ ನನಗೆ ಉಳಿಯುತ್ತಿತ್ತು. ಅದು ಅವರಿಗೂ ಗೊತ್ತಿತ್ತು. ಮಾಸ್ತರರು ಕನ್ನಡಕ ತೆಗೆದು ಒರೆಸುತ್ತಾ ಕೂತರು. ನಾನು ಬಾಯಿ ತೆರೆದೆ. ಹೇಳಬೇಕೆಂದೇ ತೆರೆದೆ.

"ಏನಿಲ್ರಿ," ಅಂದೆ.

ಇದನ್ನು ದೊಡ್ಡತನವೆಂದು ತಿಳಿಯಬೇಡಿ. ಮಾಸ್ತರರ ಮೇಲೆ ನನಗೆ ಕಾಳಷ್ಟೂ ಕರುಣೆ ಇರಲಿಲ್ಲ. ಆದರೆ ಒಬ್ಬನು ಮೊಣಕಾಲೂರಿ ಹೇಳಿದ್ದನ್ನು ಪಾಲಕ ಕಮಿಟಿಯ ಮೇಜಿನ ಮೇಲೆ ಇಟ್ಟರೆ, ಮುಂದೆ ಯಾವ ಪಾಲಕನ ಹತ್ತಿರ ಯಾರು ಬಂದಾರು? ನನ್ನ ವೃತ್ತಿಯೇ ನನ್ನ ಬಾಯಿ ಮುಚ್ಚಿಸಿತು. ಧಾರವಾಡದ ಹತ್ತಿರದ ಗರಗದ ಆಚೆಯ ಒಂದು ಸಣ್ಣ ಸಭೆಗೆ ನನಗೆ ವರ್ಗವಾಯಿತು. ಹೆಂಡತಿ ಸಂಡೇ ಸ್ಕೂಲಿನ ಕೀಲಿಕೈಯನ್ನು ಮಾಸ್ತರರ ಮಗಳ ಕೈಗೆ ಕೊಟ್ಟು ಬಂದು ಪಾತ್ರೆ ಕಟ್ಟಿದಳು.

ಟೆಂಪೋಗೆ ಸಾಮಾನು ಏರಿಸುವಾಗ ಮಾಸ್ತರರು ಬಂದರು.

"ಅವತ್ತ ನೀವು ಹೇಳಲಿಲ್ರಿ," ಅಂದರು.

"ಇಲ್ರಿ."

"ಹಂಗಾರ ನನ್ನ ಕ್ಷಮಾ ಮಾಡೀರಿ ಅಂತ ತಿಳಕೋಲೇನ್ರಿ?"

"ಇಲ್ರಿ ಮಾಸ್ತರ."

ಮಾಸ್ತರರು ಸ್ಕೂಟರ್ ಹತ್ತಿ ಹೋದರು.

ಈಗ ನಿವೃತ್ತನಾಗಿ ಧಾರವಾಡದಲ್ಲಿದ್ದೇನೆ. ಆತ್ಮಿಕ ಬೆಳವಣಿಗೆಯ ಬಗ್ಗೆ ಸಾಕ್ಷಿ ಹೇಳ್ರಿ, ನಿಮ್ಮ ಅನುಭವ ತಿಳಸ್ರಿ ಎಂದು ತರುಣರು ಕರೆಯುತ್ತಾರೆ. ಹಳೆಯ ಸ್ವಭಾವ ಒಂದು ದಿನ ಸತ್ತೇಹೋಗುತ್ತದೆಂದು ನಾನೇ ಬೋಧಿಸುತ್ತಿದ್ದೆ. ನನ್ನದು ಸತ್ತಿಲ್ಲ. ಮಾಸ್ತರರ ಹೆಸರು ಕಿವಿಗೆ ಬಿದ್ದಾಗಲೆಲ್ಲ ವೆಸ್ಟ್ರಿಯಲ್ಲಿ ಅವರು ಹೇಳಿದ ಆ ಮಾತು ನಾಲಿಗೆಯ ತುದಿಗೆ ಬಂದು ನಿಲ್ಲುತ್ತದೆ, ನಾನು ನುಂಗುತ್ತೇನೆ. ಕ್ಷಮಿಸಿದೆನೆಂದು ಸಾಕ್ಷಿ ಹೇಳಿದರೆ ಅದು ಸುಳ್ಳಾಗುತ್ತದೆ. ಹೆಂಡತಿ ಕೂಡ ಒಂದೆರಡು ಸಲ ಕೇಳಿದಳು, ಮಾಸ್ತರರದು ಅಂಥದ್ದೇನಿತ್ತು ಅಂತ. ಅವಳಿಗೂ ಹೇಳಿಲ್ಲ.