ಶ್ರದ್ಧಾಂಜಲಿ ಫ್ಲೆಕ್ಸಿನ ಇಂಗ್ಲಿಷು

ಕಟ್ಟಾಯದ ಪ್ರತಿಭಾ ಇಂಗ್ಲಿಷ್ ಕಲಿತದ್ದು ಗೈಡಿನಿಂದ. ಸರ್ಕಾರಿ ಶಾಲೆ, ಕನ್ನಡ ಮಾಧ್ಯಮ. ಮನೆಯಲ್ಲಿ ಇಂಗ್ಲಿಷ್ ಮಾತಾಡುವವರು ಯಾರಿದ್ದರು? ಎಡಗಡೆ ಇಂಗ್ಲಿಷ್ ನುಡಿಗಟ್ಟು, ಬಲಗಡೆ ಕನ್ನಡ ಅರ್ಥ ಇದ್ದ ಆ ಪುಸ್ತಕವನ್ನು ಮಗ್ಗಿಯಂತೆ ಬಾಯಿಪಾಠ ಮಾಡಿದ್ದಳು. ಹೊಳೆನರಸೀಪುರದ ನಮ್ಮ ಖಾಸಗಿ ಶಾಲೆಗೆ ಟೀಚರಾಗಿ ಬಂದ ಮೇಲೆ ಮಕ್ಕಳಿಗೂ ಹಾಗೇ ಹೇಳಿಕೊಟ್ಟಳು. ಇವಳು ‘ಪೀಸ್ ಆಫ್ ಕೇಕ್’ ಎಂದರೆ ಮಕ್ಕಳು ‘ಬಲು ಸುಲಭ’ ಎಂದು ಕೂಗುವರು. ‘ಒನ್ಸ್ ಇನ್ ಎ ಬ್ಲೂ ಮೂನ್’ ಎಂದರೆ ‘ಅಪರೂಪಕ್ಕೊಮ್ಮೆ’. ಪಕ್ಕದ ಕೊಠಡಿಯಲ್ಲಿ ಕನ್ನಡ ಪಾಠ ಮಾಡುವ ನನಗೆ ಆ ಗದ್ದಲದಲ್ಲಿ ನನ್ನ ದನಿಯೇ ಕೇಳುತ್ತಿರಲಿಲ್ಲ. ಬೈದುಕೊಳ್ಳುತ್ತಿದ್ದೆ, ಆದರೂ ಅವಳೆಂದರೆ ನನಗೆ ಇಷ್ಟ.

ಗಂಡ ಬಿಟ್ಟು ಹೋದ ಮೇಲೆ ಅವಳಿಗೆ ಉಳಿದದ್ದು ಮಗಳು ಮಾನ್ಯ, ಮತ್ತು ಈ ಕೆಲಸ. ಟೀಚರುಗಳ ಮಕ್ಕಳಿಗೆ ನಮ್ಮಲ್ಲಿ ಫೀಸಿಲ್ಲ. ಕೆಲಸ ಹೋದರೆ ಮಾನ್ಯಳ ಓದೂ ಹೋಯಿತು.

ಕಳೆದ ವರ್ಷ, ಶಾಲೆ ಕಟ್ಟಿಸಿದ ರಾಮಣ್ಣನವರು ತೀರಿಕೊಂಡರು. ನಮ್ಮ ಕಡೆ ಫ್ಲೆಕ್ಸ್ ಕಟ್ಟದಿದ್ದರೆ ಸತ್ತದ್ದೂ ಲೆಕ್ಕಕ್ಕಿಲ್ಲ. ಇಂಗ್ಲಿಷ್ ಶಾಲೆಯ ಫ್ಲೆಕ್ಸು ಇಂಗ್ಲಿಷಿನಲ್ಲೇ ಇರಲಿ, ಪ್ರತಿಭಾ ಬರೆಯಲಿ ಎಂದರು ಹೆಡ್ ಮೇಡಂ. ಎಲ್ಲರೂ ಬರೆಯುವ ಮಾತು ಬೇಡ, ಯಜಮಾನರಿಗೆ ಒಳ್ಳೆಯ ಇಂಗ್ಲಿಷೇ ಆಗಬೇಕೆಂದು ಪ್ರತಿಭಾ ಗೈಡಿನಲ್ಲಿ ಹುಡುಕಿದಳು. ‘ಕಿಕ್ ದ ಬಕೆಟ್’: ನಿಧನ ಹೊಂದುವುದು. ಅದು ತಮಾಷೆಗೆ ಆಡುವ ಮಾತೆಂದು, ಸಾವಿನ ಮನೆಯಲ್ಲಿ ಅನ್ನಬಾರದೆಂದು ಆ ಹಾಳು ಗೈಡು ಹೇಳಿರಲಿಲ್ಲ. ರಾಮಣ್ಣನವರ ನಗುಮುಖದ ಕೆಳಗೆ ಅದೇ ಮಾತು ದಪ್ಪಕ್ಷರದಲ್ಲಿ ಗೇಟಿಗೆ ಏರಿತು. ಹೆಡ್ ಮೇಡಂ ಓದಿದರು, ಫ್ಲೆಕ್ಸ್ ಅಂಗಡಿಯವನು ಓದಿದ, ಪೋಷಕರು ಕೈಮುಗಿದು ಓದಿದರು. ಒಬ್ಬರಿಗೂ ಏನೂ ಅನ್ನಿಸಲಿಲ್ಲ.

ಹಾಸನದಿಂದ ಬಂದ ಯಾರೋ ನೆಂಟರು ಫೋಟೊ ಹೊಡೆದರು. ಸಂಜೆಯೊಳಗೆ ಅರಕಲಗೂಡು, ಚನ್ನರಾಯಪಟ್ಟಣದ ವಾಟ್ಸಾಪ್ ಗುಂಪುಗಳಲ್ಲೆಲ್ಲ ನಗುವೋ ನಗು. ನೆಟ್ಟಗೆ ನಾಲ್ಕು ಸಾಲು ಇಂಗ್ಲಿಷ್ ಬರೆಯಲಾರದವರೂ ಹಲ್ಲು ಕಿಸಿದರು. ನನಗೆ ಮೈಯೆಲ್ಲ ಉರಿಯಿತು. ಈಗ ಶಾಲೆ ನೋಡಿಕೊಳ್ಳುವ ರಾಮಣ್ಣನವರ ಮಗ ಹರ್ಷವರ್ಧನ್ ಹೇಳಿಕಳಿಸಿದರು: ಪ್ರತಿಭಾ ಮನೆಗೆ ಬಂದು ಅಮ್ಮನ ಕ್ಷಮೆ ಕೇಳಲಿ, ಅಮ್ಮ ಕ್ಷಮಿಸಿದರೆ ಕೆಲಸ, ಇಲ್ಲದಿದ್ದರೆ ಇಲ್ಲ.

ಒಬ್ಬಳೇ ಹೋಗಲು ಧೈರ್ಯ ಸಾಲದೆ ಅವಳು ನನ್ನನ್ನೂ ಕರೆದಳು. ದಾರಿಯುದ್ದಕ್ಕೂ ‘ತಪ್ಪಾಯ್ತು ಅಮ್ಮ, ಕೆಲಸ ಒಂದು ಉಳಿಸಿಕೊಡಿ’ ಎಂದು ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದಳು. ನೋಡಲಾಗಲಿಲ್ಲ ನನಗೆ.

ರಾಮಣ್ಣನವರ ಹೆಂಡತಿ ಜಯಲಕ್ಷ್ಮಮ್ಮನಿಗೆ ಇಂಗ್ಲಿಷ್ ಬಾರದು. ಬಾಯಾರಿಕೆಗೆ ನೀರು ಕೊಡಿಸಿ ಕೇಳಿದರು: “ಏನ್ ಬರ್ದಿದ್ಯವ್ವ ಅದ್ರಲ್ಲಿ?”

“ಯಜಮಾನ್ರು ತೀರ್ಕಂಡ್ರು ಅಂತ, ಅಮ್ಮ.”

“ದಿಟಾನೇ ಬರ್ದವ್ಳಲ್ಲೋ. ಅದ್ರಲ್ಲೇನ್ ತಪ್ಪೈತೆ?” ಎಂದು ಮಗನ ಕಡೆ ತಿರುಗಿದರು. ಪ್ರತಿಭಾಳ ಮುಖಕ್ಕೆ ಜೀವ ಬಂತು.

“ಪೂರ್ತಿ ಹೇಳಿ ಮೇಡಂ,” ಎಂದರು ಹರ್ಷವರ್ಧನ್. “ಒಂದೊಂದು ಪದಕ್ಕೂ ಅರ್ಥ ಹೇಳಿ.”

ಅವಳು ನನ್ನ ಮುಖ ನೋಡಿದಳು. ನಾನೇನು ಮಾಡಲಿ?

“ಬಕೆಟ್ನ ಕಾಲಲ್ಲಿ ಒದ್ರು ಅಂತ,” ಎಂದಳು.

ಜಯಲಕ್ಷ್ಮಮ್ಮ ಬೈಯಲಿಲ್ಲ. ಲಕ್ವ ಹೊಡೆದು ಯಜಮಾನರು ಮಲಗಿದ್ದ ಮಂಚದ ಕಡೆ ನೋಡುತ್ತ ಕೂತರು.

“ಆ ಕಾಲು ಒಂದ್ಸಲನಾರ ಅಳ್ಳಾಡ್ಲಿ ಅಂತ ದಿನಾ ಎಣ್ಣೆ ತಿಕ್ತಿದ್ದೆ ಕಣವ್ವ,” ಎಂದರು.

ಪ್ರತಿಭಾ ಬಿಕ್ಕಿ ಬಿಕ್ಕಿ ಅತ್ತಳು. ಕ್ಷಮೆಯ ಮಾತು ಅವಳ ಬಾಯಿಂದ ಹೊರಡಲೇ ಇಲ್ಲ. ಕಣ್ಣೊರೆಸಿಕೊಂಡು ಎದ್ದು, ಮಾನ್ಯಳ ಟಿ.ಸಿ. ಯಾವಾಗ ಸಿಗುತ್ತದೆಂದು ಹರ್ಷವರ್ಧನ್ ಅವರನ್ನು ಕೇಳಿದಳು.