ಆಲೂಗಡ್ಡೆಯ ಜಾಗಕ್ಕೆ ಹೂಕೋಸು

ನಾನು ಸೊಸೆಯಾಗಿ ಬಂದ ಕೈಲಾಂಚದ ಮನೆಯಲ್ಲಿ ರೇಷ್ಮೆಗೂಡನ್ನು ಮಾರ್ಕೆಟ್ಟಿಗೆ ಒಯ್ಯುವುದು ಮಾವನ ಕೆಲಸ. ಬೇರೆಯವರು ಒಯ್ದರೆ ಮಾವನಿಗೆ ಅವತ್ತು ಊಟ ಸೇರುವುದಿಲ್ಲ. ಅಂಥವರು ಕಾಲಿನ ಹೆಬ್ಬೆರಳ ಗಾಯ ಮಾಯದೆ ಜಗಲಿ ಹಿಡಿದು ಕೂತರು. ಸಕ್ಕರೆ ಇಳಿಯದೆ ಗಾಯ ಒಣಗುವುದಿಲ್ಲ, ಹೀಗೇ ಬಿಟ್ಟರೆ ಬೆರಳು ಉಳಿಯುವುದಿಲ್ಲ ಎಂದರು ರಾಮನಗರದ ಡಾಕ್ಟರು. ಮಾತ್ರೆ ಬರೆದುಕೊಟ್ಟು, ಮುದ್ದೆ ಅರ್ಧ ಮಾಡಿ, ಆಲೂಗಡ್ಡೆ ಮುಟ್ಟಲೇಬೇಡಿ ಎಂದರು.

ಮುದ್ದೆ ಅರ್ಧವಾದದ್ದಕ್ಕೆ ಮಾವ ಗೊಣಗಲಿಲ್ಲ. ಆಲೂಗಡ್ಡೆಗೆ ಮಾತ್ರ ಮಗುವಿನ ಹಾಗೆ ಹಟ ಹಿಡಿದರು. ಬೇಯಿಸಿ, ಕೈಯಲ್ಲೇ ಹಿಸುಕಿ, ಈರುಳ್ಳಿ ಹಸಿಮೆಣಸಿನಕಾಯಿ ಒಗ್ಗರಣೆ ಕೊಟ್ಟ ಪಲ್ಯ ಕಾಣದಿದ್ದರೆ ತಟ್ಟೆಯನ್ನೇ ಸರಿಸಿ ಏಳುತ್ತಿದ್ದರು. ಖಾಲಿ ಹೊಟ್ಟೆಯಲ್ಲಿ ಮಾತ್ರೆ ನುಂಗಿಸುವುದು ಹೇಗೆ? ನನಗೂ ರೇಗಿತು. ಆಲೂಗಡ್ಡೆ ಇಲ್ಲದೆ ಅದೇ ಪಲ್ಯ ಮಾಡಿಯೇ ತೀರುತ್ತೇನೆಂದು ಮೊಬೈಲಿನಲ್ಲಿ ಹುಡುಕಿ ಹೂಕೋಸು ತರಿಸಿದೆ.

ಮೊದಲ ದಿನ ನೀರು ಧಾರಾಳವಾಗಿಟ್ಟು ಬೇಯಿಸಿ, ಅಭ್ಯಾಸಬಲದಿಂದ ಮುದ್ದೆಕೋಲು ಹಾಕಿ ತಿರುವಿದೆ. ಅಂಬಲಿಯಾಯಿತು. ಅತ್ತೆ ಬಂದು ಇಣುಕಿದರು. ನಮ್ಮ ಕಡೆಯ ಹೆಂಗಸರಿಗೆ ಒಲೆಯ ಮೇಲೆ ನೀರುನೀರಾಗಿ ಏನು ಕಂಡರೂ ಕೈ ತಾನಾಗಿ ರಾಗಿಹಿಟ್ಟಿನ ಡಬ್ಬಕ್ಕೆ ಹೋಗುತ್ತದೆ.

"ಒಸಿ ಹಿಟ್ಟು ಉದುರ್ಸುದ್ರೆ ಗಟ್ಟಿಯಾಯ್ತದೆ ಕಣವ್ವಾ" ಎನ್ನುತ್ತಲೇ ಉದುರಿಸಿಬಿಟ್ಟರು.

ಗಟ್ಟಿಯೇನೋ ಆಯಿತು. ಆದರೆ ಡಾಕ್ಟರು ಕಳೆದಿದ್ದ ಅರ್ಧ ಮುದ್ದೆ ಹೂಕೋಸಿನ ವೇಷ ಹಾಕಿಕೊಂಡು ವಾಪಸು ಬಂದಿತ್ತು. ಅದನ್ನು ಒಯ್ದು ಹಸುವಿಗೆ ಇಟ್ಟೆ. ಅತ್ತೆ ಆ ದಿನವೆಲ್ಲ ನನ್ನ ಜೊತೆ ಮಾತು ಬಿಟ್ಟರು.

ದಾರಿ ಹೊಳೆದದ್ದು ಮರುದಿನ ಬಸ್ಸಾರಿಗೆ ಬೆಂದ ಸೊಪ್ಪು ಬಸಿಯುವಾಗ. ಸೊಪ್ಪು ಬಸಿಯುವವಳು ಹೂಕೋಸನ್ನು ಯಾಕೆ ಬಸಿಯಬಾರದು? ಬೆಂದ ಹೂಕೋಸನ್ನು ಬಿಳಿಬಟ್ಟೆಗೆ ಸುರಿದು, ಆರಿದ ಮೇಲೆ ಗಂಟು ಕಟ್ಟಿ ಬಲವಾಗಿ ಹಿಂಡಿದೆ. ಬಾಣಲೆಯಲ್ಲಿ ಉಳಿದ ಪಸೆ ಆರಿಸಿ, ಸೊಪ್ಪು ಮಸೆಯುವ ಕೋಲಿನಿಂದ ಮಸೆದು, ಒಂದು ಚೂರು ಬೆಣ್ಣೆ, ಮಾವನ ಇಷ್ಟದ ಒಗ್ಗರಣೆ, ಮೇಲೆ ನಿಂಬೆಹುಳಿ. ಉಂಡೆ ಕಟ್ಟಿದರೆ ನಿಲ್ಲುತ್ತಿತ್ತು! ಬಸಿದ ನೀರನ್ನು ಅತ್ತೆ ಚೆಲ್ಲಲು ಬಿಡಲಿಲ್ಲ, ಸಾರಿಗೆ ಹಾಕಿಕೊಂಡರು. ಅಲ್ಲಿಗೆ ನಮ್ಮ ಮಾತೂ ಶುರುವಾಯಿತು.

ಮಾವ ಒಂದು ತುತ್ತು ಬಾಯಿಗಿಟ್ಟು ನನ್ನ ಮುಖ ನೋಡಿದರು.

"ಇದು ಆಲೂಗಡ್ಡೆ ಅಲ್ಲ."

"ಅಲ್ಲ ಮಾವ."

ತುತ್ತು ನುಂಗಿ, ತಟ್ಟೆಯನ್ನು ನನ್ನ ಕಡೆಗೆ ಚಾಚಿ, "ಇನ್ನೊಸಿ ಬಡ್ಸವ್ವಾ" ಎಂದರು. ಅವತ್ತು ನನ್ನನ್ನು ಹಿಡಿಯುವವರೇ ಇರಲಿಲ್ಲ.

ಸಕ್ಕರೆ ಇಳಿಯಿತು, ಗಾಯ ಮಾಯಿತು. ಡಾಕ್ಟರು ಮಾತ್ರೆಯನ್ನು ಹೊಗಳಿದರು. ಹೊಗಳಲಿ, ನನ್ನ ಹೂಕೋಸಿನ ಪಾಲನ್ನು ನಾನಂತೂ ಬಿಟ್ಟುಕೊಟ್ಟಿಲ್ಲ. ಮುಂದಿನ ಬೆಳೆಯ ಗೂಡನ್ನು ಮಾವ ಚಪ್ಪಲಿ ಮೆಟ್ಟಿ ತಾವೇ ಒಯ್ದರು. ಸಂಜೆ ಬಸ್ಸಿಳಿದು ಬಂದಾಗ ಗೂಡಿನ ಚೀಲ ಅರ್ಧ ಉಬ್ಬಿಕೊಂಡೇ ಇತ್ತು. ಗೂಡು ಮಾರಾಟವಾಗಲಿಲ್ಲವೇನೋ ಎಂದು ಅತ್ತೆ ಗಾಬರಿಯಾದರು. ಮಾವ ಚೀಲವನ್ನು ನನ್ನ ಮುಂದೆ ಬೋರಲು ಹಾಕಿದರು. ನೆಲದ ಮೇಲೆಲ್ಲ ಹೂಕೋಸು ಉರುಳಿತು.

"ಯಾಕ್ ಮಾವ, ಆಲೂಗಡ್ಡೆ ಸಿಗ್ನಿಲ್ವಾ?" ಎಂದು ಕೆಣಕಿದೆ.

"ರಾಶಿ ಬಿದ್ದಿತ್ತು ಕಣವ್ವಾ" ಎಂದರು ಮಾವ, ಚಪ್ಪಲಿ ಕಳಚುತ್ತ. "ಈ ಕಾಲ್ನಲ್ಲೇ ದಾಟ್ಕಂಡ್ ಬಂದೆ."