ಹೆಲ್ಮೆಟ್ಟಿಗೆ ವಾಹನ ಪೂಜೆ

ವಸಂತಪುರದ ನಮ್ಮ ಈಶ್ವರನ ಗುಡಿ ಮುಂದೆ ನಾನು ವಾಹನ ಪೂಜೆ ಮಾಡುತ್ತೇನೆ. ಸ್ಕೂಟರಿನಿಂದ ಜೆಸಿಬಿವರೆಗೆ ಎಲ್ಲಕ್ಕೂ ಕುಂಕುಮ ಇಟ್ಟಿದ್ದೇನೆ. ಆದರೆ ಕಳೆದ ಶ್ರಾವಣದಲ್ಲಿ ಒಬ್ಬ ತಾಯಿ ವಾಹನವೇ ಇಲ್ಲದೆ ಪೂಜೆಗೆ ಬಂದರು. ಜೊತೆಗಿದ್ದ ಮಗಳು ರೇಸ್ ಕಾರು ಓಡಿಸುವವಳು. ವಿದೇಶದ ದೊಡ್ಡ ಟೀಮೊಂದು ಅವಳನ್ನು ಆರಿಸಿಕೊಂಡಿತ್ತಂತೆ. ಕಾರು ಅಲ್ಲೇ ಇದೆ ಎಂದು ಹೆಲ್ಮೆಟ್ಟನ್ನೇ ನನ್ನ ಮುಂದಿಟ್ಟರು.

ಹೂವು ಏರಿಸಿ ಸಂಕಲ್ಪಕ್ಕೆ ಕೂತೆ.

“ಸ್ವಾಮಿ, ಇವಳು ನಿಧಾನಕ್ಕೆ ಓಡಿಸ್ಲಿ ಅಂತ ಬೇಡ್ಕೊಳ್ಳಿ,” ಎಂದರು ತಾಯಿ.

ಮಗಳು ಹೌಹಾರಿದಳು. “ಅಯ್ಯೋ, ಬೇಡ ಅಂಕಲ್! ನಿಧಾನಕ್ಕೆ ಓಡಿಸಿದ್ರೆ ಎರಡೇ ರೇಸಿಗೆ ವಾಪಸ್ ಕಳಿಸ್ತಾರೆ.”

“ಕಳಿಸ್ಲಿ ಬಿಡೇ. ಕೈಕಾಲು ನೆಟ್ಟಗಿದ್ರೆ ಸಾಕು.”

“ಅಮ್ಮಾ, ಚಿಕ್ಕೋಳಿದ್ದಾಗಿಂದ ಇದಕ್ಕೇ ಕಾದಿದ್ದೀನಿ!”

ಇಬ್ಬರೂ ನನ್ನ ಬಾಯನ್ನೇ ನೋಡುತ್ತಿದ್ದರು. ಹಿಂದೆ ಪೂಜೆಗೆ ಕಾದಿದ್ದ ಹೊಸ ಕಾರಿನವನು ಹಾರ್ನ್ ಒತ್ತಿದ. ನಾನು ಅವಸರದ ಮನುಷ್ಯನಲ್ಲ. ಗಂಧ ತೇಯುತ್ತಾ ಯೋಚಿಸಿದೆ.

“ಈಶ್ವರಾ, ಈ ಮಗು ಕ್ಷೇಮವಾಗಿರ್ಲಿ. ಇವಳ ಜೊತೆ ಓಡಿಸೋರೆಲ್ಲ ನಿಧಾನಕ್ಕೆ ಹೋಗ್ಲಿ.”

ತಾಯಿ ಸಮಾಧಾನದಿಂದ ಕೈಮುಗಿದರು. ಮಗಳು ಮಾತ್ರ ಬಗ್ಗಿ ನನ್ನ ಕಿವಿಯ ಹತ್ತಿರ ಪಿಸುಗುಟ್ಟಿದಳು. “ಅಂಕಲ್, ನಮ್ಮ ಟೀಮಲ್ಲೇ ಇನ್ನೊಬ್ಬ ಡ್ರೈವರ್ ಇದ್ದಾನೆ. ಅವನು ನಿಧಾನಕ್ಕೆ ಹೋಗ್ಲಿ ಅಂತ ಸ್ಪೆಷಲ್ಲಾಗಿ ಹೇಳಿ.”

ಅಭ್ಯಾಸಬಲದಿಂದ ಅವನ ಗೋತ್ರ ಕೇಳಿದೆ. ಅದು ಗೊತ್ತಿಲ್ಲವೆಂದು ಅವಳು ಕಾರಿನ ನಂಬರ್ ಕೊಟ್ಟಳು. ಟ್ರಾಫಿಕ್ ಪೊಲೀಸರಿಗೆ ಅಷ್ಟು ಸಾಕಾದರೆ ಈಶ್ವರನಿಗೂ ಸಾಕು ಎಂದುಕೊಂಡು, ಅದನ್ನೇ ಹೇಳಿ ಮಂಗಳಾರತಿ ಎತ್ತಿದೆ.